ದೇವರಿಗೆ ಕೊಟ್ಟದ್ದಕ್ಕೆ ಕಾವಲು ಯಾರು?

ಹುಲಿಗೆರೆ ಎಂಬ ಹಳೆಯ ಹೆಸರಿನ ಲಕ್ಷ್ಮೇಶ್ವರದಲ್ಲಿ, ಗದಗಿನ ತ್ರಿಕೂಟೇಶ್ವರದಲ್ಲಿ, ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಲಕ್ಕುಂಡಿಯಲ್ಲಿ ದಾನಶಾಸನದ ಕಲ್ಲುಗಳು ಇಂದಿಗೂ ನಿಂತಿವೆ. ಇಂಥ ಶಾಸನಗಳ ರೀತಿ ಬಹುಮಟ್ಟಿಗೆ ಒಂದೇ. ಇಷ್ಟು ಮತ್ತರು ಭೂಮಿ, ನಂದಾದೀಪಕ್ಕೆ ಇಷ್ಟು ಎಣ್ಣೆ ಎಂದು ಕೊರೆದ ಮೇಲೆ, ಅದನ್ನು ನೋಡಿಕೊಳ್ಳಬೇಕಾದವರು ಮಹಾಜನರೋ, ಸೆಟ್ಟಿಗಳೋ, ಊರ ಒಕ್ಕಲುಗಳೋ ಎಂದು ಹೆಸರಿಸುತ್ತಾರೆ. ಕೊನೆಗೊಂದು ಶಾಪ. ದಾನದ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರುತ್ತಾನಂತೆ. ಆ ಭೂಮಿಯನ್ನು ಹಿಂದೆ ತಾನೇ ಕೊಟ್ಟಿದ್ದರೂ ಶಿಕ್ಷೆ ತಪ್ಪದು!

ಶಾಪ ಎಲ್ಲರಿಗೂ ನೆನಪಿರುತ್ತದೆ. ಅದರ ಜೊತೆಗೇ ಬರುವ ಇನ್ನೊಂದು ಮಾತನ್ನು ನಾವು ಗಮನಿಸುವುದು ಕಡಿಮೆ. ದಾನ ಮಾಡುವುದು, ಇನ್ನೊಬ್ಬರು ಮಾಡಿದ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಹೆಚ್ಚಿನದು ಎಂದು ಅದರ ಅರ್ಥ. ಕೊಡುವವನಿಗೆ ಒಂದು ದಿನದ ಕೆಲಸ, ಕಾಯುವವನಿಗೆ ಜೀವಮಾನದ ಕೆಲಸ. ಅದೂ ತನ್ನ ಹೆಸರು ಕಲ್ಲಿನ ಮೇಲೆ ಇಲ್ಲದೆ.

ಶಾಪಕ್ಕೆ ಹೆದರುವವರು ಕಡಿಮೆಯಾದಾಗ ಕೋರ್ಟು ಬೇಕಾಯಿತು. ಇಂಗ್ಲೆಂಡಿನಲ್ಲಿ ರಾಣಿ ಎಲಿಜಬೆತ್ ಕಾಲದ 1601ರ ಕಾನೂನು ಇದಕ್ಕೆ ಪ್ರಸಿದ್ಧ. ಮುದುಕರು, ಅನಾಥರು, ಶಾಲೆ, ಸೇತುವೆ, ರಸ್ತೆ, ಬಡ ಹೆಣ್ಣುಮಕ್ಕಳ ಮದುವೆ, ಕೈದಿಗಳ ಬಿಡುಗಡೆ ಇವುಗಳಿಗಾಗಿ ಜನರು ಬಿಟ್ಟುಹೋದ ಹಣ ಎಲ್ಲಿ ಹೋಯಿತು ಎಂದು ವಿಚಾರಿಸಲು ಬಿಷಪರನ್ನೂ ಊರಿನ ಪ್ರಾಮಾಣಿಕರನ್ನೂ ಕೂಡಿಸಿ ಆಯೋಗಗಳನ್ನು ನೇಮಿಸುತ್ತಿದ್ದರು. ಅವರ ತೀರ್ಪಿನ ಮೇಲೆ ಅಪೀಲು ಹೋಗುತ್ತಿದ್ದುದು ಲಾರ್ಡ್ ಚಾನ್ಸಲರ್ ಬಳಿಗೆ. ಮುಂದೆ ಈ ಕೆಲಸ ನೇರವಾಗಿ ಚಾನ್ಸರಿ ಕೋರ್ಟಿಗೇ ಹೋಯಿತು. ದಾವೆಗಳು ವರ್ಷಗಟ್ಟಲೆ ನಡೆದು, ಬಡವರ ಹಣ ವಕೀಲರ ಪಾಲಾಗುತ್ತಿತ್ತು ಎಂಬ ದೂರು ಆಗಲೇ ಇತ್ತು.

ನಮಗೆ ನೋವಿನ ಸಂಗತಿಯೆಂದರೆ, ಆ ಪಟ್ಟಿಯಲ್ಲಿ ಸತ್ತವರ ಆತ್ಮಕ್ಕಾಗಿ ಪೂಜೆ ಇರಲಿಲ್ಲ. ಅಂಥ ದತ್ತಿಗಳನ್ನು 1547ರಲ್ಲೇ ಅರಸನ ಸರಕಾರ ವಶಪಡಿಸಿಕೊಂಡಿತ್ತು. ಪೂಜೆಗೆಂದು ಬರೆದಿಟ್ಟದ್ದನ್ನು 'ಮೂಢ ಉದ್ದೇಶ' ಎಂದು ತಳ್ಳಿಹಾಕುವ ಪದ್ಧತಿ ಅಲ್ಲಿ 1919ರವರೆಗೂ ನಡೆಯಿತು. ಕಾಯುವವನೇ ಯಾವ ದಾನ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತೀರ್ಮಾನಿಸಹೊರಟರೆ ಹೀಗಾಗುತ್ತದೆ.

ಆ ಇಂಗ್ಲಿಷ್ ಪದ್ಧತಿಯ ಒಂದು ಕವಲು ನಮ್ಮಲ್ಲಿಗೂ ಬಂತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಂತೆ, ಸಾರ್ವಜನಿಕ ದತ್ತಿಯಲ್ಲಿ ಆಸಕ್ತಿಯುಳ್ಳ ಇಬ್ಬರು, ಕೋರ್ಟಿನ ಅನುಮತಿ ಪಡೆದು, ಟ್ರಸ್ಟಿಗಳಿಂದ ಲೆಕ್ಕ ಕೇಳಬಹುದು, ಅವರನ್ನು ತೆಗೆಯಿರೆಂದೂ ಬೇಡಬಹುದು. ಗದಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸಾಂಗ್ಲಿ ಸಂಸ್ಥಾನದ ಶಿರಹಟ್ಟಿ, ಮಿರಜ ಸಂಸ್ಥಾನದ ಲಕ್ಷ್ಮೇಶ್ವರ 1948ರಲ್ಲಿ ಅದಕ್ಕೆ ಸೇರಿದವು. ಹೀಗಾಗಿ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ ಈ ಭಾಗಕ್ಕೂ ಬಂತು. ದತ್ತಿಗಳ ನೋಂದಣಿ, ಲೆಕ್ಕಪತ್ರ, ತಪಾಸಣೆ ಎಲ್ಲ ಕಡ್ಡಾಯವಾಯಿತು. "ದೇವರ ದುಡ್ಡಿಗೆ ಸರಕಾರಕ್ಕೇಕೆ ಲೆಕ್ಕ?" ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರತಿಲಾಲ ಪಾನಾಚಂದ ಗಾಂಧಿ ಎಂಬ ಜೈನ ದೇವಾಲಯದ ವ್ಯವಸ್ಥಾಪಕರ ಪ್ರಕರಣ ಅದು. 1954ರ ತೀರ್ಪು ಎರಡೂ ಕಡೆ ನೋಡಿತು. ಲೆಕ್ಕ ಇಡಿ, ತೋರಿಸಿ ಎನ್ನುವುದರಿಂದ ಧರ್ಮಕ್ಕೆ ಧಕ್ಕೆಯಿಲ್ಲ ಎಂದಿತು. ಆದರೆ ದಾನಿಯ ಧಾರ್ಮಿಕ ಉದ್ದೇಶ ಇನ್ನೂ ನಡೆಯುವಂತಿರುವಾಗ, ಬೇರೆ ಕೆಲಸ ಹೆಚ್ಚು ಉಪಯುಕ್ತವೆಂದು ಹಣವನ್ನು ಅತ್ತ ತಿರುಗಿಸುವ ಅಧಿಕಾರವನ್ನು ರದ್ದು ಮಾಡಿತು. ನನಗೆ ಇದು ಬಹಳ ನ್ಯಾಯವಾಗಿ ಕಾಣುತ್ತದೆ. ಲೆಕ್ಕ ಕೇಳಿದರೆ ಅವಮಾನವೆಂದು ತಿಳಿಯುವವರು ನಮ್ಮಲ್ಲೂ ಇದ್ದಾರೆ. ದತ್ತಿ ನೋಡಿಕೊಳ್ಳುವವರು ವರ್ಷಕ್ಕೊಮ್ಮೆ ಬಿಷಪರಿಗೆ ಲೆಕ್ಕ ಒಪ್ಪಿಸಬೇಕೆಂದು ಟ್ರೆಂಟ್ ಮಹಾಸಭೆ 1562ರಲ್ಲೇ ವಿಧಿಸಿತ್ತೆಂಬುದನ್ನು ಅವರು ಮರೆಯಬಾರದು.

ಈಗ ನಮ್ಮ ಮನೆಗಳಿಗೇ ತಟ್ಟಿದ ಕಾನೂನಿಗೆ ಬರೋಣ. ಸಾಯುವ ಗಳಿಗೆಯಲ್ಲಿ ಜನರು ಮಕ್ಕಳನ್ನು ಬಿಟ್ಟು ಆಸ್ತಿಯನ್ನು ಧರ್ಮಕ್ಕೆ ಬರೆಯುತ್ತಾರೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1736ರಲ್ಲಿ ಒಂದು ತಡೆ ತಂದಿತು. ಧರ್ಮಕಾರ್ಯಕ್ಕೆ ಭೂಮಿ ಕೊಡುವವನು ಸಾವಿಗೆ ಹನ್ನೆರಡು ತಿಂಗಳ ಮೊದಲೇ ಪತ್ರ ಮಾಡಿರಬೇಕು. (ಆಕ್ಸ್‌ಫರ್ಡ್, ಕೇಂಬ್ರಿಜ್, ಈಟನ್‌ಗಳಂಥ ಕೆಲವಕ್ಕೆ ವಿನಾಯಿತಿ! ಕಾನೂನು ಮಾಡಿದವರು ತಾವು ಓದಿದ ಶಾಲೆಗಳನ್ನು ಮರೆಯಲಿಲ್ಲ.) ಅದೇ ಯೋಚನೆ ನಮ್ಮ 1865ರ ಉತ್ತರಾಧಿಕಾರ ಕಾಯ್ದೆಗೂ, ಆಮೇಲೆ 1925ರ ಕಾಯ್ದೆಯ 118ನೇ ಕಲಮಿಗೂ ಇಳಿಯಿತು. ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು ಅಥವಾ ಅವರಿಗಿಂತ ಹತ್ತಿರದ ಸಂಬಂಧಿಕರು ಇದ್ದವನು ಧರ್ಮಕ್ಕೆ ಉಯಿಲು ಬರೆದರೆ, ಸಾಯುವುದಕ್ಕೆ ಒಂದು ವರ್ಷ ಮೊದಲಾದರೂ ಬರೆದಿರಬೇಕು. ಬರೆದ ಆರು ತಿಂಗಳೊಳಗೆ ಸರಕಾರಿ ಕಚೇರಿಯಲ್ಲಿ ಠೇವಣಿ ಇಟ್ಟಿರಬೇಕು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಮುಂಡರಗಿಯ ಮುದುಕನೊಬ್ಬ ಇದಕ್ಕಾಗಿ ಧಾರವಾಡದ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು. ಎಷ್ಟು ಜನ ಹೋದಾರು? ಹಿಂದೂಗಳಿಗೆ, ಮುಸಲ್ಮಾನರಿಗೆ ಈ ಕಲಮು ಇರಲಿಲ್ಲ. ಪಾರ್ಸಿಗಳನ್ನು 1991ರಲ್ಲಿ ಬಿಟ್ಟರು. ಉಳಿದದ್ದು ಕ್ರೈಸ್ತರ ತಲೆಯ ಮೇಲೆ. ಕೇರಳದ ಕಥೋಲಿಕ ಗುರು ಫಾದರ್ ಜಾನ್ ವಲ್ಲಮಟ್ಟಂ ಮತ್ತು ಇನ್ನೊಬ್ಬರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2003ರ ಜುಲೈ 21ರಂದು ಈ ಕಲಮು ಸಮಾನತೆಗೆ ವಿರುದ್ಧವೆಂದು ರದ್ದಾಯಿತು.

ತೀರ್ಪು ಸರಿ. ಆದರೆ ಆ ಕೆಟ್ಟ ಕಾನೂನು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಿತ್ತು: ನಿನ್ನ ಮಕ್ಕಳ ಗತಿ ಏನು? ಆ ಪ್ರಶ್ನೆಯನ್ನು ಇನ್ನು ಕೇಳುವವರು ಯಾರು? ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ ತೆರೆದು ನೋಡಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸುಸ್ವಾಮಿ ಖಂಡಿಸುತ್ತಾರೆ. ಸಂತ ಅಗಸ್ಟೀನರು ಇದನ್ನು ಚೆನ್ನಾಗಿ ತಿಳಿದಿದ್ದರು. ಮಗನ ಮೇಲಿನ ಸಿಟ್ಟಿನಿಂದ ಧರ್ಮಸಭೆಗೆ ಆಸ್ತಿ ಬರೆಯುವವನು ಅದನ್ನು ಪಡೆಯಲು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ, ನನ್ನನ್ನಲ್ಲ ಎಂದು ಪ್ರಸಂಗದಲ್ಲೇ ಹೇಳಿದರು. ಕಾರ್ಥೇಜಿನ ಧರ್ಮಾಧ್ಯಕ್ಷ ಔರೇಲಿಯರ ಸಂಗತಿಯನ್ನೂ ಅವರೇ ಹೇಳುತ್ತಾರೆ. ಮಕ್ಕಳಾಗುವ ಆಸೆ ಬಿಟ್ಟ ಒಬ್ಬನು ತನ್ನದೆಲ್ಲವನ್ನೂ ಧರ್ಮಸಭೆಗೆ ಕೊಟ್ಟ. ಆಮೇಲೆ ಅವನಿಗೆ ಮಕ್ಕಳಾದವು. ಅವನು ಕೇಳಲೂ ಇಲ್ಲ, ನಿರೀಕ್ಷಿಸಲೂ ಇಲ್ಲ; ಧರ್ಮಾಧ್ಯಕ್ಷರು ಎಲ್ಲವನ್ನೂ ಹಿಂದಕ್ಕೆ ಕೊಟ್ಟರು. ಕಾಗದಪತ್ರ ಅವರ ಕಡೆಗೇ ಇತ್ತು. ಲೋಕದ ಯಾವ ಕೋರ್ಟೂ ಕೊಡು ಎನ್ನುತ್ತಿರಲಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಅಪ್ಪ ತೀರಿಕೊಂಡಿದ್ದಾನೆ. ಪೆಟ್ಟಿಗೆಯಲ್ಲಿ ಒಂದು ಕಾಗದ: ಎರಡೆಕರೆ ಎರೆಹೊಲದ ಉತ್ಪನ್ನದಲ್ಲಿ ವರ್ಷಕ್ಕೊಂದು ಪೂಜೆ, ಉಳಿದದ್ದು ಊರ ವಿಧವೆಯರಿಗೆ. ಕೆಳಗೆ ಒಬ್ಬನದೇ ಸಾಕ್ಷಿ ಸಹಿ. ಕಾನೂನಿಗೆ ಇಬ್ಬರು ಬೇಕು. "ತಮ್ಮಾ, ಈ ಕಾಗದ ಕೋರ್ಟಿನ್ಯಾಗ ನಿಲ್ಲೂದಿಲ್ಲಂತ ವಕೀಲ್ರು ಹೇಳ್ಯಾರ." "ಹಂಗಾದ್ರ ಬಿಡಣ್ಣಾ, ಹೊಲ ನಮ್ಮದ ಆತು." ಇಂಥ ಮಾತು ಯಾವ ಮನೆಯಲ್ಲೂ ಬರಬಹುದು. ಅಣ್ಣತಮ್ಮಂದಿರು ಕಾನೂನಿನ ಪ್ರಕಾರ ನಿರ್ದೋಷಿಗಳು. ಧರ್ಮಸಭೆಯ 1983ರ ಕಾನೂನು ಸಂಹಿತೆ ಮಾತ್ರ ಅವರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದರ 1299ನೇ ಕಲಮಿನಂತೆ, ಧರ್ಮಸಭೆಯ ಒಳಿತಿಗೆ ಉಯಿಲು ಬರೆಯುವಾಗ ಸಾಧ್ಯವಾದಷ್ಟು ದೇಶದ ಕಾನೂನಿನ ವಿಧಿಗಳನ್ನು ಪಾಲಿಸಬೇಕು. ಅವು ತಪ್ಪಿದ್ದರೆ, ಸತ್ತವನ ಇಚ್ಛೆಯನ್ನು ನೆರವೇರಿಸುವ ಹೊಣೆ ವಾರಸುದಾರರದೆಂದು ಅವರಿಗೆ ಎಚ್ಚರಿಕೆ ಹೇಳಬೇಕು. ದಾವೆ ಹೂಡಿರಿ ಎಂದು ಅದು ಹೇಳುವುದಿಲ್ಲ. ಅವರ ಮನಸ್ಸಾಕ್ಷಿಯ ಮುಂದೆ ಆ ಕಾಗದವನ್ನು ಇಡುತ್ತದೆ, ಅಷ್ಟೇ.

ಆ ಅಣ್ಣತಮ್ಮಂದಿರಿಗೆ ನಿಜವಾಗಿಯೂ ಕಷ್ಟವಿರಬಹುದು. ಸಾಲವಿರಬಹುದು, ಮಳೆ ಕೈಕೊಟ್ಟಿರಬಹುದು, ತಂಗಿಯ ಮದುವೆ ಉಳಿದಿರಬಹುದು. ಆಗ ಕಾಗದವನ್ನು ಮತ್ತೆ ಪೆಟ್ಟಿಗೆಗೆ ಹಾಕುವುದು ದಾರಿಯಲ್ಲ. ಅದನ್ನು ವಿಚಾರಣೆ ಗುರುಗಳ ಹತ್ತಿರ ಒಯ್ಯಲಿ. ಆದಾಯ ಕುಗ್ಗಿದಾಗ ದತ್ತಿಯ ಭಾರವನ್ನು ಇಳಿಸುವ ಅಧಿಕಾರವನ್ನು ಸಂಹಿತೆ ಬಿಷಪರಿಗೆ ಕೊಟ್ಟಿದೆ. ಅದನ್ನು ಅವರು ಸಂಬಂಧಪಟ್ಟವರ ಮಾತು ಕೇಳಿಯೇ ನಡೆಸಬೇಕು. ಈ ಮಾತಿನಲ್ಲಿ ವಿಧವೆಯರೂ ಸಂಬಂಧಪಟ್ಟವರೇ. ಅಪ್ಪ ತಮ್ಮ ಹೆಸರಿಗೆ ಹೀಗೊಂದು ಬರೆದಿಟ್ಟಿದ್ದ ಎಂಬುದಾದರೂ ಅವರಿಗೆ ಗೊತ್ತಾಗಲಿ.