ನೀರಿನಡಿಯ ಆಫ್ರಿಕಾ

ಬ್ರೆಜಿಲ್‌ನ ಉತ್ತರ ಕರಾವಳಿಯ ಸಾವೊ ಲೂಯಿಸ್ ಊರಿನಲ್ಲಿ ಕಾಸಾ ದಾಸ್ ಮಿನಾಸ್ ಎಂಬ ಹಳೆಯ ಮನೆಯಿದೆ. 19ನೇ ಶತಮಾನದಿಂದ ಅಲ್ಲಿ ಹೆಂಗಸರೇ ಮುಂದೆ ನಿಂತು ದೈವಾರಾಧನೆ ನಡೆಸಿಕೊಂಡು ಬಂದರು. ಅವರ ಮೈಮೇಲೆ ಬರುತ್ತಿದ್ದ ದೈವಗಳ ಹೆಸರುಗಳಲ್ಲಿ ಫ್ರೆಂಚ್ ಸಂಶೋಧಕ ಪಿಯರ್ ವೆರ್ಜೆಗೆ ಒಂದು ಗುರುತು ಸಿಕ್ಕಿತು. ಅವುಗಳಲ್ಲಿ ಹಲವು ಪಶ್ಚಿಮ ಆಫ್ರಿಕಾದ ದಹೋಮಿ ರಾಜಮನೆತನದವರ ಹೆಸರುಗಳು. ಆ ಸಾಲು 1797ರಲ್ಲಿ ತೀರಿಕೊಂಡ ಅಗೊಂಗ್ಲೊ ದೊರೆಯ ಕಾಲಕ್ಕೆ ಬಂದು ನಿಲ್ಲುತ್ತದೆ. ಅವನ ನಂತರ ಪಟ್ಟವೇರಿದ ಅದಂದೋಜಾನ್ ತನಗಾಗದ ಅರಮನೆಯವರನ್ನು ಗುಲಾಮರ ವ್ಯಾಪಾರಿಗಳಿಗೆ ಮಾರಿದ. ಹಾಗೆ ಮಾರಾಟವಾದವರಲ್ಲಿ ಅಗೊಂಗ್ಲೊನ ರಾಣಿ, ಮುಂದೆ 1818ರಲ್ಲಿ ದೊರೆಯಾದ ಗೆಜೊನ ತಾಯಿಯೆಂದು ಹೇಳಲಾಗುವ ನಾ ಅಗೊಂಟಿಮೆಯೂ ಇದ್ದಳು. ಈ ಮನೆಗೆ ಬುನಾದಿ ಹಾಕಿದವಳು ಅವಳೇ ಎಂಬುದು ವೆರ್ಜೆಯ ಊಹೆ.

ಊಹೆ ಒತ್ತಟ್ಟಿಗಿರಲಿ. ಸಂಕೋಲೆ ತೊಟ್ಟು, ಹುಟ್ಟಿದ ಹೆಸರನ್ನೂ ಕಳೆದುಕೊಂಡು ಬಂದವರು ಸಾಗರದಾಚೆ ನಿಂತು ತಮ್ಮ ನೆಲದ ಸತ್ತವರನ್ನು ತಲೆಮಾರುಗಟ್ಟಲೆ ಹೆಸರು ಹಿಡಿದು ಕರೆದರು. ಅದಂತೂ ನಡೆದ ಸಂಗತಿ.

ಅಟ್ಲಾಂಟಿಕ್ ಗುಲಾಮರ ವ್ಯಾಪಾರದಲ್ಲಿ ಸುಮಾರು 1 ಕೋಟಿ 25 ಲಕ್ಷ ಮಂದಿಯನ್ನು ಆಫ್ರಿಕಾದಲ್ಲಿ ಹಡಗು ಹತ್ತಿಸಲಾಯಿತು. ಜೀವಂತವಾಗಿ ಆಚೆ ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ಅವರ ಜತೆ ಗುಡಿ ಬರಲಿಲ್ಲ, ಗ್ರಂಥ ಬರಲಿಲ್ಲ, ಕುಲದ ಹಿರಿಯರು ಒಟ್ಟಾಗಿ ಬರಲಿಲ್ಲ. ಹೀಗೆ ಬುಡಸಮೇತ ಕಿತ್ತ ಧರ್ಮದಲ್ಲಿ ದಾಟಿ ಬರುವುದು ಯಾವುದು? ಹೊಸ ನೆಲದಲ್ಲಿ ಬೇರೆ ರೂಪ, ಬೇರೆ ಭಾಷೆ, ಬೇರೆ ಸಂತರ ಚಿತ್ರ ಹೊತ್ತು ನಿಂತದ್ದನ್ನು ಅದೇ ಧರ್ಮ ಎನ್ನಬಹುದೆ?

ಈ ಧರ್ಮ, ಅಂದರೆ ವೊಡುನ್, ತನ್ನ ಮೂಲ ನೆಲದಲ್ಲಿ ಹೇಗಿತ್ತು ಎಂಬಲ್ಲಿಂದಲೇ ಉತ್ತರ ಹುಡುಕಬೇಕು. ಇಂದಿನ ಬೆನಿನ್ ಮತ್ತು ಟೋಗೊ ದೇಶಗಳ ದಕ್ಷಿಣ ಭಾಗದ ಫೋನ್, ಎವೆ ಮುಂತಾದ ಜನರಿಗೆ ವೊಡುನ್ ಎಂದರೆ ದೈವ. ಸೃಷ್ಟಿಗೆ ಮಾವು ಮತ್ತು ಲಿಸಾ, ಸಿಡಿಲಿಗೆ ಹೆವಿಯೋಸೊ, ನೆಲಕ್ಕೂ ಸಿಡುಬಿಗೂ ಸಕ್ಪಾತಾ, ಕಬ್ಬಿಣಕ್ಕೂ ಯುದ್ಧಕ್ಕೂ ಗು, ಹೊಸ್ತಿಲಿಗೂ ಕೂಡುದಾರಿಗೂ ಲೆಗ್ಬಾ. ಈ ಬಳಗದ ಬಾಗಿಲು ಎಂದೂ ಮುಚ್ಚಿದ್ದಲ್ಲ. ದಹೋಮಿಯ ದೊರೆಗಳು ಸೀಮೆಗಳನ್ನು ಗೆದ್ದಾಗ ಅಲ್ಲಿನ ದೈವಗಳನ್ನೂ ತಮ್ಮೂರಿಗೆ ಕರೆತಂದು ನೆಲೆಗೊಳಿಸುತ್ತಿದ್ದರು. 1727ರಲ್ಲಿ ಅಗಾಜಾ ದೊರೆ ಕರಾವಳಿಯ ವಿದಾ ಪಟ್ಟಣವನ್ನು ಹಿಡಿದ; ಅಲ್ಲಿನ ಹೆಬ್ಬಾವಿನ ದೈವ ದಂಗ್ಬೆಯ ಆರಾಧನೆ ಮಾತ್ರ ಅಳಿಯಲಿಲ್ಲ. ಇಂದಿಗೂ ವಿದಾದಲ್ಲಿ ಹೆಬ್ಬಾವುಗಳ ಗುಡಿಯೂ ಕ್ಯಾಥೊಲಿಕ್ ಬೆಸಿಲಿಕಾವೂ ಎದುರುಬದುರು ನಿಂತಿವೆ.

ವೊಡುನ್‌ನಿಂದ ಬೆಳೆದ ಹೈತಿಯ ವೊಡೂವನ್ನು ನೋಡುವಾಗ ಇದನ್ನು ಮರೆಯುವಂತಿಲ್ಲ. ಗುಲಾಮರಿಗೆಲ್ಲ ಕ್ಯಾಥೊಲಿಕ್ ದೀಕ್ಷೆ ಕೊಡಬೇಕು, ಬೇರೆ ಯಾವ ಧರ್ಮದ ಆಚರಣೆಯೂ ಕೂಡದು ಎಂದು ಫ್ರಾನ್ಸ್ ತನ್ನ ವಸಾಹತುಗಳಿಗೆ 1685ರ 'ಕೋಡ್ ನ್ವಾರ್' ಕಾಯ್ದೆಯಲ್ಲಿ ವಿಧಿಸಿತು. ಕಾಲಕ್ರಮದಲ್ಲಿ, ಕಾಲಡಿಯಲ್ಲಿ ಹಾವುಗಳಿರುವ ಸಂತ ಪ್ಯಾಟ್ರಿಕ್‌ನ ಪಟದಲ್ಲಿ ಜನ ಸರ್ಪದೈವ ದಾಂಬಾಲಾನನ್ನು ಕಂಡರು. ಸ್ವರ್ಗದ ಬೀಗದ ಕೈ ಹಿಡಿದ ಸಂತ ಪೀಟರ್‌ನಲ್ಲಿ ಬಾಗಿಲು ಕಾಯುವ ಲೆಗ್ಬಾನನ್ನು, ಕತ್ತಿ ಹಿರಿದು ಕುದುರೆಯೇರಿದ ಸಂತ ಜಾಕ್‌ನಲ್ಲಿ ಯುದ್ಧದೈವ ಓಗೂವನ್ನು ಕಂಡರು. ಇದೆಲ್ಲ ಒಡೆಯರ ಕಣ್ಣಿಗೆ ಮಣ್ಣೆರಚಲು ಹಾಕಿಕೊಂಡ ಮುಖವಾಡ ಎಂಬ ವಿವರಣೆ ಬಲು ಪ್ರಚಲಿತ. ಅದರಲ್ಲಿ ಅರ್ಧ ಸತ್ಯವಿದೆ. ಬರೀ ಮುಖವಾಡವಾಗಿದ್ದರೆ 1804ರಲ್ಲಿ ಒಡೆಯರನ್ನೇ ಓಡಿಸಿದ ಮೇಲೆ ಅದನ್ನು ಕಿತ್ತೆಸೆಯಬಹುದಿತ್ತು. ಯಾರೂ ಎಸೆಯಲಿಲ್ಲ. ಬಂದ ದೈವಕ್ಕೆ ಮಣೆ ಹಾಕುವುದು ಈ ಜನರ ಹಿರಿಯರಿಗೆ ಮೊದಲೇ ರೂಢಿಯಾಗಿತ್ತು, ಸಂತರಿಗೂ ಹಾಗೆಯೇ ಜಾಗ ಸಿಕ್ಕಿತು.

ಹಾಗಾದರೆ ಈ ಧರ್ಮಕ್ಕೆ ಕಟ್ಟುಪಾಡೇ ಇಲ್ಲವೇ, ಯಾವುದು ಬಂದರೂ ಸೈಯೇ? ಈ ಆಕ್ಷೇಪಕ್ಕೆ ಉತ್ತರ ಪೂಜೆಯ ಕ್ರಮದಲ್ಲೇ ಇದೆ. ಹೈತಿಯಲ್ಲಿ ದೈವಗಳನ್ನು ಲ್ವಾ ಎನ್ನುತ್ತಾರೆ. ಆರಾಧಕರು ತಾವು ಲ್ವಾಗಳನ್ನು ಸೇವಿಸುತ್ತೇವೆ ಎನ್ನುತ್ತಾರೆಯೇ ಹೊರತು ನಂಬುತ್ತೇವೆ ಎಂದು ಹೇಳಿಕೊಳ್ಳುವುದು ಕಡಿಮೆ. ಆ ಸೇವೆಯಲ್ಲಿ ಸಡಿಲವಿಲ್ಲ. ಮೊದಲು ಲೆಗ್ಬಾನನ್ನು ಕರೆಯದೆ ಯಾವ ಲ್ವಾನನ್ನೂ ಕರೆಯುವಂತಿಲ್ಲ. ದಾಂಬಾಲಾನಿಗೆ ಬಿಳಿಯ ನೈವೇದ್ಯ, ಹಿಟ್ಟಿನ ಗುಡ್ಡೆಯ ಮೇಲಿಟ್ಟ ಮೊಟ್ಟೆ; ಅವನು ಮೈಮೇಲೆ ಬಂದವರು ಮಾತಾಡುವುದಿಲ್ಲ, ಹಾವಿನಂತೆ ಬುಸುಗುಟ್ಟುತ್ತಾರೆ. ಓಗೂವಿಗೆ ಕೆಂಪು ಬಟ್ಟೆ, ರಮ್ಮು, ಕತ್ತಿ. ರಾದಾ ಪಂಗಡದ ಲ್ವಾಗಳಿಗೆ ಮೂರು ಡೋಲುಗಳ ಮೇಳ. ಪೆತ್ವೊ ಪಂಗಡದವರಿಗೆ ಬೇರೆಯೇ ಡೋಲು, ಬೇರೆಯೇ ತಾಳ, ಚಾಟಿಯ ಸದ್ದು, ಸಿಡಿಮದ್ದು. ಚಿತ್ರ ಬದಲಾದರೂ ದೈವಕ್ಕೆ ಸಲ್ಲಬೇಕಾದ ಋಣ ಬದಲಾಗಲಿಲ್ಲ. ವೊಡುನ್‌ನ ಮುಂದುವರಿಕೆ ಇರುವುದು ಇಲ್ಲಿಯೇ. ಹಳೆಯ ರೂಪ ಎಷ್ಟು ಉಳಿದಿದೆ ಎಂದು ಅಳೆಯುತ್ತ ಕೂತವರಿಗೆ ಇದು ಕಾಣುವುದಿಲ್ಲ.

ದೈವಗಳೂ ಪಯಣದ ಏಟು ತಿಂದವು. ಬೆನಿನ್‌ನ ಲೆಗ್ಬಾ ಕಸುವಿನ ದೈವ. ಮನೆಯ ಮುಂದೆ, ಊರ ಬಾಗಿಲಲ್ಲಿ ಉದ್ದಂಡ ಲಿಂಗದ ಮಣ್ಣಿನ ಮೂರ್ತಿಯಾಗಿ ಕೂತಿರುತ್ತಾನೆ. ಹೈತಿಯಲ್ಲಿ ಅವನೇ ಊರುಗೋಲು ಹಿಡಿದು ಕುಂಟುವ ಮುದುಕ. ಕಬ್ಬಿನ ತೋಟದಲ್ಲಿ ಸವೆದ ಜನರ ದೈವವೂ ಅವರ ಜತೆ ಸವೆಯಿತು ಎಂದು ಓದಿಕೊಳ್ಳದೆ ಇರುವುದು ಕಷ್ಟ.

ಎಲ್ಲಕ್ಕಿಂತ ಆಳವಾದ ಬದಲಾವಣೆ ಸಾವಿನ ಕಲ್ಪನೆಯಲ್ಲಿದೆ. ಹೈತಿಯವರಿಗೆ ಪಿತೃಗಳ ನಾಡು 'ಗಿನೆನ್', ಅಂದರೆ ಆಫ್ರಿಕಾ. ಅದು ಇರುವುದು ಸಮುದ್ರದಾಚೆಯಲ್ಲ, ನೀರಿನಡಿಯಲ್ಲಿ. ಸತ್ತವರ ಆತ್ಮ ಆ ನೀರಿಗಿಳಿಯುತ್ತದೆ. ಒಂದು ವರ್ಷ ಒಂದು ದಿನ ಕಳೆದ ಮೇಲೆ ಮನೆಮಂದಿ ಅದನ್ನು ಶಾಸ್ತ್ರೋಕ್ತವಾಗಿ ನೀರಿನಿಂದ ಮೇಲಕ್ಕೆ ಕರೆದು, ಗೋವಿ ಎಂಬ ಮಣ್ಣಿನ ಗಡಿಗೆಯಲ್ಲಿ ನೆಲೆಗೊಳಿಸಬೇಕು. ಖರ್ಚಿನ ಕಾರ್ಯ, ಬಡವರು ಕಾದು, ಹಲವು ಮನೆಯವರು ಸೇರಿ ಮಾಡುವುದೂ ಉಂಟು. ಕರೆದು ತಾರದಿದ್ದರೆ ಸತ್ತವರು ಚಳಿಯಲ್ಲಿ ನವೆಯುತ್ತಾರೆ, ಬದುಕಿದವರನ್ನು ಕಾಡುತ್ತಾರೆ. ಹದಿನೆಂಟು ಲಕ್ಷ ಮಂದಿ ಹಡಗಿನಲ್ಲೇ ಅಸುನೀಗಿ ಹೆಣವಾಗಿ ಅಟ್ಲಾಂಟಿಕ್‌ಗೆ ಬಿದ್ದ ಚರಿತ್ರೆಯ ಪಕ್ಕದಲ್ಲಿಟ್ಟು ಈ ಆಚರಣೆಯನ್ನು ನೋಡಬೇಕು. ಗೋರಿಯಿಲ್ಲದೆ ಮುಳುಗಿದವರನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಇಷ್ಟು ನೇರವಾಗಿ ಮುಖ ಕೊಟ್ಟ ಧರ್ಮಚಿಂತನೆ ಅಪರೂಪ. ಅದನ್ನು ರೂಪಿಸಿದವರಲ್ಲಿ ಬಹುಪಾಲು ಜನರಿಗೆ ಅಕ್ಷರ ಕಲಿಯುವ ಅವಕಾಶವೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. ವಿದಾದ ದಂಡೆಯಲ್ಲಿ ಸೆರೆಯಾಳುಗಳನ್ನು ಬಿಳಿಯರಿಗೆ ಮಾರಿದ ದಹೋಮಿಯ ದೊರೆಗಳೂ ಇದೇ ವೊಡುನ್‌ಗಳನ್ನು ಪೂಜಿಸಿದವರು. ಧರ್ಮ ಅವರ ಕೈ ಹಿಡಿದು ತಡೆಯಲಿಲ್ಲ. ಮಾರಿದವರ ದೈವವೇ ಮಾರಾಟವಾದವರ ಜತೆಯೂ ಹೊರಟಿತು. 1791ರ ಆಗಸ್ಟ್‌ನಲ್ಲಿ ಬ್ವಾ ಕಾಯಿಮಾನ್ ಕಾಡಿನಲ್ಲಿ ಬೂಕ್ಮಾನ್ ಎಂಬವನ ಮುಂದಾಳ್ತನದಲ್ಲಿ ಹಂದಿ ಬಲಿಕೊಟ್ಟು ದಂಗೆಯ ಪ್ರತಿಜ್ಞೆ ಮಾಡಿದರು ಎಂದು ಹೈತಿ ಇಂದಿಗೂ ನೆನೆಯುತ್ತದೆ. ಹದಿಮೂರು ವರ್ಷಗಳೊಳಗೆ ಗುಲಾಮರೇ ಕಾದಾಡಿ ಕಟ್ಟಿದ ದೇಶ ಹುಟ್ಟಿತು.

ಆ ದೇಶದ ಕಾನೂನೇ 1835ರಿಂದ ವೊಡೂ ಆಚರಣೆಗಳನ್ನು ಮಾಟಮಂತ್ರವೆಂದು ಕರೆದು ಅಪರಾಧವಾಗಿಸಿತು. 1941–42ರಲ್ಲಿ ಕ್ಯಾಥೊಲಿಕ್ ಚರ್ಚು ಮೂಢನಂಬಿಕೆ ವಿರೋಧಿ ಚಳವಳಿಯ ಹೆಸರಲ್ಲಿ ಡೋಲು, ಪಟ, ಪೂಜಾ ಸಾಮಗ್ರಿಗಳನ್ನು ಸುಡಿಸಿತು. ಪೂರ್ಣ ಧರ್ಮವೆಂಬ ಸರ್ಕಾರಿ ಮನ್ನಣೆ ಬಂದದ್ದು 2003ರಲ್ಲಿ. ಏಳೇ ವರ್ಷದಲ್ಲಿ ಕಾಲರಾ ಹಬ್ಬಿದಾಗ, ರೋಗ ಹರಡಿದವರು ಇವರೇ ಎಂದು ಗುಂಪುಗಳು ಕನಿಷ್ಠ 45 ಮಂದಿಯನ್ನು, ಹೆಚ್ಚಾಗಿ ವೊಡೂ ಅರ್ಚಕರನ್ನು, ಕೊಂದು ಹಾಕಿದವು. ರೋಗ ಬಂದದ್ದು ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದ ಮಲ ನದಿ ಸೇರಿದ್ದರಿಂದ ಎಂದು ಮುಂದೆ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದು ಧರ್ಮವನ್ನು ಶತಮಾನಗಟ್ಟಲೆ ದೆವ್ವದ ಪೂಜೆಯೆಂದು ಬಣ್ಣಿಸುತ್ತ ಬಂದರೆ ಅದರ ಬೆಲೆಯನ್ನು ಹಳ್ಳಿಯ ಪೂಜಾರಿ ಪ್ರಾಣದಿಂದ ತೆರಬೇಕಾಗುತ್ತದೆ. ಬೆನಿನ್‌ನಲ್ಲೂ 1970ರ ದಶಕದ ಮಾರ್ಕ್ಸ್‌ವಾದಿ ಸರ್ಕಾರ ವೊಡುನ್ ಮೇಲೆ ಮುಗಿಬಿದ್ದಿತ್ತು; 1990ರ ದಶಕದಿಂದ ಅಲ್ಲಿ ಜನವರಿಯಲ್ಲಿ ವೊಡುನ್ ಹಬ್ಬಕ್ಕೆ ರಾಷ್ಟ್ರೀಯ ರಜೆ.

ತೆರೆದ ಬಾಗಿಲಿನ ಕಥೆಗೆ ಭಾರತದ ಎಳೆಯೊಂದೂ ಇದೆ. ಸಂಪತ್ತು ಕೊಡುವ ಜಲದೇವತೆ ಮಾಮಿ ವಾಟಾಳ ಪ್ರಸಿದ್ಧ ಚಿತ್ರ ಮೊದಲಿಗೆ ಹಾಂಬುರ್ಗ್‌ನಲ್ಲಿ ಅಚ್ಚಾದ ಹಾವಾಡಿಗ ಹೆಂಗಸಿನ ಪಟ. 1955ರಲ್ಲಿ ಘಾನಾದ ಕುಮಾಸಿಯ ವ್ಯಾಪಾರಿಗಳು ಅದರ ಮಾದರಿ ಕಳುಹಿಸಿ, ಬೊಂಬಾಯಿಯ ಶ್ರೀ ರಾಮ್ ಕ್ಯಾಲೆಂಡರ್ ಕಂಪನಿಯಲ್ಲಿ 12,000 ಪ್ರತಿ ಅಚ್ಚು ಹಾಕಿಸಿದರು. ನಮ್ಮ ದೇವರುಗಳ ಕ್ಯಾಲೆಂಡರ್ ಪಟಗಳೂ ಆ ಕರಾವಳಿ ಮುಟ್ಟಿದವು. ಟೋಗೊ, ಬೆನಿನ್‌ಗಳ ಗುಡಿಗಳಲ್ಲಿ ಲಕ್ಷ್ಮಿಯೂ ಹನುಮಂತನೂ ಕೂತರು. ಗಾಣಗಾಪುರದ ಯಾತ್ರಿಕರಿಗೆ ಚಿರಪರಿಚಿತನಾದ ಮೂರು ಮುಖದ ದತ್ತಾತ್ರೇಯ ಅಲ್ಲಿ ಡೆನ್ಸು ಎಂಬ ಜಲದೈವವಾದ. ಇದನ್ನು ಅಜ್ಞಾನವೆಂದು ನಕ್ಕು ತಳ್ಳಿಹಾಕುವುದು ತಪ್ಪು. ಪಟ ಕೊಂಡು ತಂದವರು ಅದನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗಲಿಲ್ಲ, ಪೂಜೆಗಿಟ್ಟು ನೈವೇದ್ಯ ಮಾಡಿದರು.

ಪರಂಪರೆ ಎಂದರೆ ವಸ್ತುವೋ ಸೇವೆಯೋ ಎಂಬ ಪ್ರಶ್ನೆ ಈಗ ಸರ್ಕಾರಗಳ ಮುಂದೆಯೂ ಬಂದು ನಿಂತಿದೆ. 1892ರಲ್ಲಿ ಫ್ರೆಂಚ್ ಜನರಲ್ ದೊದ್ಸ್‌ನ ಸೇನೆ ದಹೋಮಿ ದೊರೆಗಳ ಅಬೊಮೆ ಅರಮನೆಯಿಂದ ಹೊತ್ತೊಯ್ದ 26 ವಸ್ತುಗಳನ್ನು ಫ್ರಾನ್ಸ್ 2021ರ ನವೆಂಬರ್‌ನಲ್ಲಿ ಬೆನಿನ್‌ಗೆ ಮರಳಿಸಿತು. ಅಕಾತಿ ಎಕ್‌ಪ್ಲೆಕೆಂದೊ ಎಂಬ ಕುಶಲಕರ್ಮಿ ಕಬ್ಬಿಣದಲ್ಲಿ ಮಾಡಿದ ಗು ವಿಗ್ರಹ ಆ ಪಟ್ಟಿಯಲ್ಲಿರಲಿಲ್ಲ. ಪ್ಯಾರಿಸ್‌ನಲ್ಲಿ ಅದೊಂದು ಮೇರು ಶಿಲ್ಪ. ಹೈತಿಯ ಪ್ಲೇನ್ ದ್ಯು ನೋರ್‌ನಲ್ಲಿ ಜುಲೈ 25ರ ಸಂತ ಜಾಕ್ ಜಾತ್ರೆಗೆ ಬಂದು ಕೆಸರಿನ ಹೊಂಡದಲ್ಲಿ ಮೀಯುವವರಿಗೆ ಅದೇ ದೈವ ಓಗೂ, ಬ್ರೆಜಿಲ್‌ನವರಿಗೆ ಓಗುಂ. ಬೆನಿನ್ ಆ ವಿಗ್ರಹವನ್ನೂ ಕೇಳಿದೆ. ಅದು ಬಂದ ದಿನ ಗಾಜಿನ ಪೆಟ್ಟಿಗೆಯೊಳಗೆ ಇರಬೇಕೋ, ತಾಳೆಯೆಣ್ಣೆ ಎರೆಯುವವರ ಕೈಸೇರಬೇಕೋ ಎಂಬುದನ್ನು ಸಂಗ್ರಹಾಲಯದ ಅಧಿಕಾರಿಗಳಷ್ಟೇ ತೀರ್ಮಾನಿಸುವುದು ಸಲ್ಲದು. ಗುವಿನ ಅರ್ಚಕರು ಆ ಮಾತುಕತೆಯಲ್ಲಿ ಕೂರಬೇಕು. ಹೈತಿಯಿಂದಲೂ ಬ್ರೆಜಿಲ್‌ನಿಂದಲೂ ಬರುವ ಅವನ ಸೇವಕರನ್ನೂ ಕರೆಯಬೇಕು.