ನಿಯಮಕ್ಕೆ ಕಿವಿಯುಂಟೆ?

ಮಾನವನು ಸಮಾಜಜೀವಿಯಾದಂದಿನಿಂದಲೂ ನಿಯಮಗಳಿಗೆ ಒಳಪಟ್ಟೇ ಬಾಳಿದ್ದಾನೆ. ಹೊಲದ ಬದುವಿಗೆ, ಕೆರೆಯ ನೀರಿಗೆ, ಸಂತೆಯ ಅಳತೆಗೆ, ಸಾಲದ ಮಾತಿಗೆ ಕಟ್ಟುಪಾಡುಗಳಿಲ್ಲದ ಜನಸಮುದಾಯವು ಎಲ್ಲಿಯೂ ದೊರೆಯದು. ನಿಯಮವಿಲ್ಲದೆಡೆಯಲ್ಲಿ ಬಲಿಷ್ಠನ ಇಚ್ಛೆಯೇ ನಿಯಮವಾಗುತ್ತದೆ; ಆದುದರಿಂದ ನಿಯಮವು ದುರ್ಬಲನ ಆಸರೆ ಎಂಬುದು ನಿರ್ವಿವಾದ. ಆದರೆ ಇಂದಿನ ವ್ಯವಹಾರಜೀವನದಲ್ಲಿ ಅದೇ ನಿಯಮವು ದುರ್ಬಲನ ಎದುರಿಗೆ ಮುಚ್ಚಿದ ಬಾಗಿಲಾಗಿ ನಿಲ್ಲುವುದನ್ನು ನಾವು ದಿನನಿತ್ಯವೂ ಕಾಣುತ್ತಿದ್ದೇವೆ. ಕಾಯಬೇಕಾದುದೇ ನೂಕುವುದಾದರೆ ದೋಷವು ಎಲ್ಲಿದೆ? ಇದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕೊಂಡ ವಸ್ತುವು ಎರಡೇ ದಿನಗಳಲ್ಲಿ ಕೆಟ್ಟಿತೆಂದು ಅಂಗಡಿಗೆ ಹಿಂದಿರುಗಿದವನಿಗೆ, ರಸೀತಿಯ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ ಒಂದು ಸಾಲನ್ನು ತೋರಿಸಲಾಗುತ್ತದೆ. ತೀರಿಹೋದ ತಂದೆಯ ಹೆಸರಿನಲ್ಲಿದ್ದ ದೂರವಾಣಿಯ ಸಂಪರ್ಕವನ್ನು ರದ್ದುಪಡಿಸಬೇಕೆಂದು ಮಗನು ಕೇಳಿದರೆ, ಖಾತೆದಾರರೇ ಸ್ವತಃ ಮಾತನಾಡಬೇಕೆಂಬ ಉತ್ತರ ಬರುತ್ತದೆ. ದೂರು ಹೇಳಹೊರಟವನು ಯಂತ್ರದ ಧ್ವನಿಯ ಅಪ್ಪಣೆಯಂತೆ ಒಂದನ್ನೊತ್ತಿ, ಎರಡನ್ನೊತ್ತಿ, ಬಹಳ ಹೊತ್ತು ಸಂಗೀತವನ್ನು ಕೇಳಿ, ಕಟ್ಟಕಡೆಗೆ ಒಬ್ಬ ಮನುಷ್ಯನನ್ನು ಮುಟ್ಟುತ್ತಾನೆ. ಆ ಮನುಷ್ಯನೂ ಯಂತ್ರದಂತೆಯೇ ಒಂದು ವಾಕ್ಯವನ್ನು ಉಚ್ಚರಿಸುತ್ತಾನೆ: "ಕ್ಷಮಿಸಿ, ಇದು ನಮ್ಮ ಕಂಪನಿಯ ಪಾಲಿಸಿ." ನಷ್ಟವಾದುದು ಕೆಲವು ನೂರು ರೂಪಾಯಿಗಳೇ ಇರಬಹುದು. ಆದರೂ ಆತನು ಅಂದು ರಾತ್ರಿ ನಿದ್ದೆಗೆಡುತ್ತಾನೆ. ತಾನಾಡಿದ ಸತ್ಯವು ಯಾರ ಮನಸ್ಸನ್ನೂ ತಲುಪಲಿಲ್ಲವೆಂಬ ಅವಮಾನವು ಆತನನ್ನು ಕೊರೆಯುತ್ತದೆ.

'ಪಾಲಿಸಿ' ಎಂಬ ಆಂಗ್ಲ ಶಬ್ದವು ಕನ್ನಡದ ಕಿವಿಗೆ ಬೇರೊಂದು ಅರ್ಥವನ್ನೂ ತರುತ್ತದೆ. ಕನ್ನಡದಲ್ಲಿ 'ಪಾಲಿಸಿ' ಎಂದರೆ 'ಹೇಳಿದಂತೆ ನಡೆಯಿರಿ' ಎಂಬ ಆಜ್ಞೆ. ಈ ಎರಡು ಶಬ್ದಗಳಿಗೆ ವ್ಯುತ್ಪತ್ತಿಯ ಸಂಬಂಧವೇನೂ ಇಲ್ಲವಾದರೂ, ಕಂಪನಿಗಳ ಬಾಯಲ್ಲಿ ಅವು ಒಂದೇ ಆಗಿಬಿಟ್ಟಿವೆ. ಆದರೆ ನಮ್ಮ 'ಪಾಲಿಸು' ಎಂಬ ಕ್ರಿಯಾಪದಕ್ಕೆ ಇನ್ನೊಂದು ಹಿರಿಯ ಅರ್ಥವುಂಟು: ಕಾಪಾಡು, ಸಲಹು. ತಾಯಿಯು ಮಗುವನ್ನು ಪಾಲಿಸುತ್ತಾಳೆ. ಅರಸನು ಪ್ರಜೆಗಳನ್ನು ಪಾಲಿಸುತ್ತಾನೆ. ನಾವು ನಿಯಮವನ್ನು ಪಾಲಿಸುತ್ತೇವೆ. ನಿಯಮವನ್ನು ನಾವು ಕಾಯುವುದು, ಅದು ನಮ್ಮನ್ನೆಲ್ಲ ಕಾಯುತ್ತದೆಂಬ ನಂಬಿಕೆಯಿಂದ. ಈ ಎರಡನೆಯ ಅರ್ಥವನ್ನು ಕಳೆದುಕೊಂಡ ನಿಯಮದಲ್ಲಿ ಬರಿಯ ಆಜ್ಞೆಯಷ್ಟೇ ಉಳಿಯುತ್ತದೆ.

ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವನ್ನು ಪರಿಶೀಲಿಸೋಣ. ಕೆನಡಾ ದೇಶದ ಡೇವ್ ಕ್ಯಾರಲ್ ಎಂಬ ಗಾಯಕನು 2008ರ ಮಾರ್ಚ್ 31ರಂದು ಹ್ಯಾಲಿಫ್ಯಾಕ್ಸ್ ನಗರದಿಂದ ಅಮೆರಿಕೆಯ ಓಮಾಹಾ ನಗರಕ್ಕೆ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ವಿಮಾನದಲ್ಲಿ ಪ್ರಯಾಣ ಬೆಳೆಸಿದನು. ನಡುವೆ ಶಿಕಾಗೋ ನಿಲ್ದಾಣದಲ್ಲಿ ವಿಮಾನ ನಿಂತಿದ್ದಾಗ, ಸಾಮಾನು ಇಳಿಸುವವರು ಗಿಟಾರುಗಳನ್ನು ಎಸೆಯುತ್ತಿರುವುದನ್ನು ಸಹಪ್ರಯಾಣಿಕರೊಬ್ಬರು ಕಿಟಕಿಯಿಂದ ಕಂಡು ಕೂಗಿ ಹೇಳಿದರು. ಕ್ಯಾರಲ್ ಅಲ್ಲಿಯೇ ಮೂವರು ನೌಕರರಿಗೆ ವಿಷಯವನ್ನು ತಿಳಿಸಿದನು, ಮೂವರೂ ಉದಾಸೀನರಾದರು. ಸುಮಾರು 3500 ಡಾಲರ್ ಬೆಲೆಯ ಆತನ ವಾದ್ಯವು ಮುರಿದಿತ್ತು. ಅದರ ದುರಸ್ತಿಗೆ 1200 ಡಾಲರ್ ತಗಲಿತು. ಪರಿಹಾರವನ್ನು ಕೇಳಿದಾಗ ದೊರೆತ ಉತ್ತರವೇನು? ಪ್ರಯಾಣ ಮುಗಿದ 24 ಗಂಟೆಗಳೊಳಗೆ ಅರ್ಜಿ ಸಲ್ಲಿಸಿಲ್ಲವಾದುದರಿಂದ ನಿಯಮದಂತೆ ಏನನ್ನೂ ಕೊಡಲಾಗದು. ಒಂಬತ್ತು ತಿಂಗಳ ಪತ್ರವ್ಯವಹಾರವು ನಿಷ್ಫಲವಾದ ಮೇಲೆ ಆತನು ತನ್ನ ಕಥೆಯನ್ನೇ ಹಾಡಾಗಿಸಿ 2009ರ ಜುಲೈ ತಿಂಗಳಿನಲ್ಲಿ ಯೂಟ್ಯೂಬಿನಲ್ಲಿ ಪ್ರಕಟಿಸಿದನು. ಲಕ್ಷಾಂತರ ಜನ ಅದನ್ನು ನೋಡಿ ನಕ್ಕರು. ಆಗ ಸಂಸ್ಥೆಯು ಪರಿಹಾರ ಕೊಡಲು ತಾನಾಗಿಯೇ ಮುಂದೆ ಬಂದಿತು. ಕ್ಯಾರಲ್ ಅದನ್ನು ತನಗಾಗಿ ಸ್ವೀಕರಿಸಲಿಲ್ಲ; ಹಣವು ಸಂಗೀತದ ಶಿಕ್ಷಣ ನೀಡುವ ಒಂದು ಸಂಸ್ಥೆಗೆ ದಾನವಾಗಿ ಸಂದಿತು.

ಈ ಪ್ರಕರಣದಲ್ಲಿ ವಿಚಾರಾರ್ಹವಾದ ಅಂಶವೊಂದಿದೆ. ಕ್ಯಾರಲ್ ತನ್ನ ದೂರನ್ನು 24 ಗಂಟೆಗಳೊಳಗೆ ಮಾತ್ರವಲ್ಲ, ಆ ಕ್ಷಣದಲ್ಲಿಯೇ ಹೇಳಿದ್ದನು. ಆದರೆ ಅದನ್ನು ಕೇಳಿದವರಿಗೆ ನಿರ್ಣಯಿಸುವ ಅಧಿಕಾರವಿರಲಿಲ್ಲ. ನಿರ್ಣಯಿಸುವವರು ಅದನ್ನು ಕೇಳಿರಲಿಲ್ಲ. ಕೇಳುವ ಕಿವಿ ಒಂದು ಕಡೆ, ನಿರ್ಧರಿಸುವ ಕೈ ಇನ್ನೊಂದು ಕಡೆ; ಇವೆರಡರ ನಡುವೆ ಹೃದಯದ ಸಂಚಾರವಿಲ್ಲ. ನಿಯಮದ ಬಿಗುವು ಇಲ್ಲಿನ ಮೂಲದೋಷವೆಂದು ನನಗೆ ತೋರುವುದಿಲ್ಲ. 24 ಗಂಟೆಗಳಿಗೆ ಬದಲಾಗಿ 48 ಗಂಟೆಗಳೆಂದಿದ್ದರೂ ಫಲ ಇದೇ ಆಗುತ್ತಿತ್ತು. ಆಲಿಸುವಿಕೆಯನ್ನೂ ಅಧಿಕಾರವನ್ನೂ ಬೇರ್ಪಡಿಸಿ, ಅವುಗಳ ನಡುವೆ ನಿಯಮವನ್ನು ಗೋಡೆಯಾಗಿ ನಿಲ್ಲಿಸಿರುವುದೇ ಅನ್ಯಾಯದ ಬೀಜ.

ಇಲ್ಲಿ ಒಂದು ಬಲವಾದ ಆಕ್ಷೇಪವು ಏಳುತ್ತದೆ. ನಿಯಮವನ್ನು ಸಡಿಲಿಸಲಾರಂಭಿಸಿದರೆ ಆ ಸಡಿಲಿಕೆಯ ಲಾಭ ಯಾರಿಗೆ ದೊರೆಯುತ್ತದೆ? ನಮ್ಮ ನಾಡಿನ ಅನುಭವವು ಇದಕ್ಕೆ ಸ್ಪಷ್ಟವಾದ ಉತ್ತರವನ್ನೇ ಕೊಡುತ್ತದೆ. ಪರಿಚಯವುಳ್ಳವನಿಗೆ, ಪ್ರಭಾವವುಳ್ಳವನಿಗೆ, ಮೇಜಿನ ಕೆಳಗೆ ಕೈ ಚಾಚಬಲ್ಲವನಿಗೆ ನಿಯಮವು ಬಾಗುತ್ತದೆ, ಬಡವನಿಗೆ ಬಾಗುವುದಿಲ್ಲ. 'ನಿಮಗೊಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ' ಎನ್ನುವ ಗುಮಾಸ್ತನು ಎಷ್ಟೋ ಸಲ ಪ್ರಾಮಾಣಿಕನೇ ಆಗಿರುತ್ತಾನೆ. ಮುಖ ನೋಡಿ ಮಣೆ ಹಾಕದಿರುವುದು ಸಣ್ಣ ಗುಣವಲ್ಲ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಬಿಗಿಯಾದ ನಿಯಮವು ಪ್ರಭಾವಕ್ಕೆ ನಿಜವಾಗಿಯೂ ಮಣಿಯದೆ ನಿಲ್ಲುತ್ತದೆಯೆ? 2024ರ ಜುಲೈ 16ರಂದು ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲಿಗೆ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರು ಮಗನೊಡನೆ ಚಲನಚಿತ್ರ ನೋಡಲು ಹೋದರು. ಕೈಯಲ್ಲಿ ಟಿಕೇಟಿತ್ತು. ಉಟ್ಟುದು ಪಂಚೆ, ತಲೆಗೆ ರುಮಾಲು. ಪಂಚೆಯುಟ್ಟವರನ್ನು ಒಳಗೆ ಬಿಡುವ ನಿಯಮವಿಲ್ಲವೆಂದು ಬಾಗಿಲಲ್ಲಿ ಅವರನ್ನು ತಡೆಯಲಾಯಿತು. ಮಗನು ಪರಿಪರಿಯಾಗಿ ವಿನಂತಿಸಿದರೂ ನಿಯಮವು ಬಾಗಲಿಲ್ಲ. ಆ ದೃಶ್ಯವು ನಾಡಿನಾದ್ಯಂತ ಹಬ್ಬಿತು. ಮರುದಿನ ರೈತರೂ ಕನ್ನಡಪರ ಸಂಘಟನೆಗಳೂ ಮಾಲಿನ ಮುಂದೆ ಪ್ರತಿಭಟಿಸಿದರು. ವಿಷಯವು ವಿಧಾನಮಂಡಲದಲ್ಲಿ ಚರ್ಚೆಗೆ ಬಂದು, ಮಾಲನ್ನು ಏಳು ದಿನಗಳ ಕಾಲ ಮುಚ್ಚಿಸುವುದಾಗಿ ಸರ್ಕಾರವು ಘೋಷಿಸಿತು. ಮಾಲಿನವರು ಕ್ಷಮೆ ಕೇಳಿ, ಅದೇ ಪಂಚೆಯುಟ್ಟ ರೈತರನ್ನು ಶಾಲು ಹೊದಿಸಿ ಗೌರವಿಸಿದರು. ಆ ವೃದ್ಧರಾಗಲೀ ಅವರ ಉಡುಗೆಯಾಗಲೀ ಎರಡು ದಿನಗಳಲ್ಲಿ ಬದಲಾಗಿರಲಿಲ್ಲ. ಅವರ ಹಿಂದೆ ನಿಂತವರ ಸಂಖ್ಯೆ ಬದಲಾಗಿತ್ತು. ಕ್ಯಾರಲ್‌ನ ವಿಷಯವೂ ಇಂತಹುದೇ. ವಿವೇಕಕ್ಕೆ ಬಾಗದ ನಿಯಮವು ಒತ್ತಡಕ್ಕೆ ಬಾಗುತ್ತದೆ. ಹಾಡು ಕಟ್ಟಲು ಬಾರದವರ, ಕ್ಯಾಮೆರಾದ ಕಣ್ಣಿಗೆ ಬೀಳದವರ ಗತಿಯೇನು ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಸಮಸ್ಯೆಯನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆ ಬರುತ್ತದೆ. ಆತನು ಸದಾ ಸತ್ಯವನ್ನೇ ನುಡಿಯುವ ವ್ರತ ಹಿಡಿದಿದ್ದನು. ದರೋಡೆಕಾರರಿಗೆ ಹೆದರಿ ಓಡಿಬಂದ ಕೆಲವರು ಆತನ ಸಮೀಪದ ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕನು ಇದ್ದುದನ್ನು ಇದ್ದಂತೆಯೇ ಹೇಳಿದನು, ಅಡಗಿದವರು ಹತರಾದರು. ವ್ರತವು ಉಳಿಯಿತು, ವ್ರತಿಯು ನರಕಕ್ಕೆ ಹೋದನು. ಈ ಕಥೆಯನ್ನು ಶ್ರೀಕೃಷ್ಣನು ಅರ್ಜುನನಿಗೆ ಹೇಳುವ ಸಂದರ್ಭವೂ ಮನನೀಯವಾದುದು. ಗಾಂಡೀವವನ್ನು ಇನ್ನೊಬ್ಬರಿಗೆ ಕೊಡೆಂದವನನ್ನು ಕೊಲ್ಲುವೆನೆಂಬ ಪ್ರತಿಜ್ಞೆ ಅರ್ಜುನನದು. ಆ ಮಾತನ್ನು ಆಡಿದವನು ಧರ್ಮರಾಯ. ಕತ್ತಿ ಹಿರಿದ ಅರ್ಜುನನಿಗೆ ಕೃಷ್ಣನು 'ಪ್ರತಿಜ್ಞೆಯನ್ನು ಬಿಸುಡು' ಎನ್ನಲಿಲ್ಲ. ಹಿರಿಯನನ್ನು ಏಕವಚನದಲ್ಲಿ ಕರೆದು ನಿಂದಿಸುವುದೇ ಅವನನ್ನು ಕೊಂದಂತೆ ಎಂದು ತಿಳಿಸಿ, ಮಾತೂ ಉಳಿಯುವ, ಅಣ್ಣನೂ ಉಳಿಯುವ ದಾರಿಯನ್ನು ತೋರಿಸಿದನು. ನಿಯಮದ ನಾಶವೂ ಅಲ್ಲದ, ನಿಯಮದ ಹೆಸರಿನ ಹಿಂಸೆಯೂ ಅಲ್ಲದ ಮೂರನೆಯ ಮಾರ್ಗವೊಂದಿದೆ ಎಂಬುದೇ ಇದರ ತಾತ್ಪರ್ಯ. ಕೌಶಿಕನಾದರೂ ತನಗೆ ತಾನೇ ವಿಧಿಸಿಕೊಂಡ ನೇಮಕ್ಕೆ ಅಂಟಿಕೊಂಡಿದ್ದನು. ಕಂಪನಿಯ ನಿಯಮವಾದರೋ, ಒಬ್ಬನು ಬರೆದು ಇನ್ನೊಬ್ಬನ ಮೇಲೆ ಹೊರಿಸಿದುದು. ಸ್ವಂತ ವ್ರತಕ್ಕೇ ವಿವೇಕವು ಬೇಕೆಂದಾದರೆ, ಪರರ ಮೇಲೆ ಹೊರಿಸಿದ ಕಟ್ಟಳೆಗೆ ಅದು ಎಷ್ಟು ಅಧಿಕವಾಗಿ ಬೇಕು!

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಗ್ರಂಥದ ಐದನೆಯ ಭಾಗದಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ವಿವರಿಸಿದ್ದಾನೆ. ಕಾನೂನು ಸಾಮಾನ್ಯವನ್ನು ನುಡಿಯುತ್ತದೆ. ಜೀವನವು ವಿಶೇಷಗಳಿಂದ ತುಂಬಿದೆ. ಹೀಗಾಗಿ ನಿಯಮವನ್ನು ಮಾಡಿದವನು ಈ ಸಂದರ್ಭದಲ್ಲಿ ಸ್ವತಃ ಇದ್ದಿದ್ದರೆ ಏನು ಹೇಳುತ್ತಿದ್ದನೋ ಅದನ್ನು ಊಹಿಸಿ ಕೊರತೆಯನ್ನು ತುಂಬಬೇಕು. ಇದಕ್ಕೆ ಆತನು ಲೆಸ್‌ಬಾಸ್ ದ್ವೀಪದ ಕಟ್ಟಡಗಾರರ ಸೀಸದ ಅಳತೆಗೋಲನ್ನು ಉಪಮೆಯಾಗಿ ಕೊಟ್ಟಿದ್ದಾನೆ. ಅದು ಕಲ್ಲಿನ ಏರುತಗ್ಗುಗಳಿಗೆ ಹೊಂದಿ ಬಾಗುತ್ತದೆ. ಬಾಗಿದರೂ ಅದು ಅಳತೆಗೋಲೇ. ಅಳೆಯುವ ಕಾರ್ಯವನ್ನು ಅದು ಬಿಟ್ಟಿಲ್ಲ. ಅಳೆಯುವವನ ಅನುಕೂಲಕ್ಕಾಗಿ ಅದು ಬಾಗುವುದಿಲ್ಲ, ಅಳೆಯಬೇಕಾದ ಕಲ್ಲಿಗಾಗಿ ಬಾಗುತ್ತದೆ. ವಿವೇಕದ ಸಡಿಲಿಕೆಗೂ ಪಕ್ಷಪಾತದ ಸಡಿಲಿಕೆಗೂ ಇರುವ ಅಂತರವಿಷ್ಟೇ: ಒಂದು ಸತ್ಯಸ್ಥಿತಿಯನ್ನು ನೋಡಿ ಬಾಗುತ್ತದೆ, ಇನ್ನೊಂದು ವ್ಯಕ್ತಿಯ ಮುಖವನ್ನು ನೋಡಿ ಬಾಗುತ್ತದೆ.

ಇದು ಕೇವಲ ತತ್ತ್ವದ ಮಾತಲ್ಲ. ನಮ್ಮ ದೇಶದ ನ್ಯಾಯಾಲಯಗಳೂ ಈ ದಾರಿಯಲ್ಲಿ ನಡೆದಿವೆ. 2010ರಲ್ಲಿ ಲಾರಿಯೊಂದು ಕಳುವಾಯಿತು. ಮಾಲೀಕನು ಪೊಲೀಸರಿಗೆ ಕೂಡಲೇ ದೂರು ಕೊಟ್ಟು, ಲಾರಿಯನ್ನು ಹುಡುಕುವುದರಲ್ಲಿ ತೊಡಗಿ, ವಿಮಾ ಕಂಪನಿಗೆ ಎಂಟು ದಿನ ತಡವಾಗಿ ತಿಳಿಸಿದನು. ಕಳವು ನಿಜವೇ ಆಗಿದ್ದರೂ, ಕೂಡಲೇ ತಿಳಿಸಬೇಕೆಂಬ ಷರತ್ತು ಮುರಿದುದರಿಂದ ಹಣ ಕೊಡಲಾಗದೆಂದು ಕಂಪನಿಯು ಹೇಳಿತು. 2017ರ ಅಕ್ಟೋಬರ್ 4ರಂದು ಸರ್ವೋಚ್ಚ ನ್ಯಾಯಾಲಯವು ಮಾಲೀಕನ ಪರವಾಗಿ ತೀರ್ಪಿತ್ತಿತು. ವಾಹನವನ್ನು ಕಳೆದುಕೊಂಡವನು ಮೊದಲು ಅದನ್ನು ಹುಡುಕಲು ಓಡುವುದು ಸಹಜವೆಂಬುದನ್ನು ನ್ಯಾಯಾಲಯವು ಮನಗಂಡಿತು. ವಿಳಂಬಕ್ಕೆ ಸಮರ್ಪಕ ಕಾರಣವಿದ್ದರೆ ನ್ಯಾಯವಾದ ಬೇಡಿಕೆಗಳನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರಷ್ಟು ಹಿಂದೆಯೇ ಸೂಚಿಸಿತ್ತು. 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಬೇರೊಂದು ಪ್ರಕರಣದಲ್ಲಿ ಇದೇ ನಿಲುವನ್ನು ಸ್ಥಿರಪಡಿಸಿತು. ಷರತ್ತಿನ ಉದ್ದೇಶವು ಸುಳ್ಳು ಬೇಡಿಕೆಯನ್ನು ತಡೆಯುವುದು. ಬೇಡಿಕೆಯು ಸತ್ಯವೆಂದು ಸಿದ್ಧವಾದ ಮೇಲೆ ಷರತ್ತನ್ನೇ ಆಯುಧವಾಗಿಸುವುದು ಸಲ್ಲದು. ಇದೇ ಸೀಸದ ಅಳತೆಗೋಲು.

ಶಾಸನವೂ ಗ್ರಾಹಕನ ನೆರವಿಗಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆಯು 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ದೋಷಯುಕ್ತ ವಸ್ತುವನ್ನು ಹಿಂದಕ್ಕೆ ಪಡೆದು, ರಸೀತಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಣವನ್ನು ಹಿಂದಿರುಗಿಸಲು ನಿರಾಕರಿಸುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಏಕಪಕ್ಷೀಯವಾದ ಕರಾರುಗಳನ್ನೂ ಅದು ಪ್ರಶ್ನೆಗೆ ಒಳಪಡಿಸಿದೆ. 1915 ಎಂಬ ಸಂಖ್ಯೆಗೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಸಲ್ಲಿಸಬಹುದು. ಓದುಬರಹ ಬಲ್ಲವರು ಬಾರದವರಿಗೆ ಈ ವಿಷಯವನ್ನು ತಿಳಿಸಿ, ಅರ್ಜಿ ಬರೆದುಕೊಟ್ಟರೆ ಅದೊಂದು ಸತ್ಕಾರ್ಯವೇ ಸರಿ. ಆದರೆ ಲಾರಿಯ ಮಾಲೀಕನಿಗೆ ನ್ಯಾಯ ದೊರೆಯಲು ಏಳು ವರ್ಷಗಳು ಬೇಕಾದವೆಂಬುದನ್ನೂ ಮರೆಯುವಂತಿಲ್ಲ. ಕಟಕಟೆಯಲ್ಲಿ ಏಳು ವರ್ಷಗಳಿಗೆ ದೊರೆತುದನ್ನು ಕಂಪನಿಯ ಕಛೇರಿಯಲ್ಲಿಯೇ ಏಳು ದಿನಗಳಲ್ಲಿ ಕೊಡಬಹುದಾಗಿತ್ತು.

ಹಾಗಾದರೆ ಕರ್ತವ್ಯವೇನು? ನಿಯಮವನ್ನು ರೂಪಿಸುವವರು ಪ್ರತಿ ನಿಯಮಕ್ಕೂ ಒಂದು ಕಿವಿಯನ್ನು ಇಡಬೇಕು. ಎಂದರೆ, ದೂರನ್ನು ಎದುರಿಗೆ ಕೇಳುವವನಿಗೆ ಒಂದು ಮಿತಿಯೊಳಗೆ ನಿರ್ಣಯಿಸುವ ಅಧಿಕಾರವನ್ನೂ ಕೊಡಬೇಕು. ಸಡಿಲಿಸಿದರೆ ಏಕೆ ಸಡಿಲಿಸಿದೆನೆಂದು ಅವನು ಬರೆದಿಡಲಿ. ಒಬ್ಬನಿಗೆ ಯಾವ ಕಾರಣದಿಂದ ವಿನಾಯಿತಿ ದೊರೆಯಿತೋ, ಅದೇ ಕಾರಣವುಳ್ಳ ಇನ್ನೊಬ್ಬನಿಗೂ ಅದು ದೊರೆಯಲಿ. ಹೀಗಾದಾಗ ವಿವೇಕವು ಪಕ್ಷಪಾತವಾಗದು. ಮೇಲೆ ಹೇಳಿದ ಆಕ್ಷೇಪಕ್ಕೂ ಇದೇ ಸಮಾಧಾನ.

ಗವಾಕ್ಷಿಯ ಒಳಗೆ ಕುಳಿತವನಿಗೂ ಒಂದು ಧರ್ಮವಿದೆ. ನಿಯಮವನ್ನು ಮೀರುವ ಅಧಿಕಾರ ಅವನಿಗಿಲ್ಲದಿರಬಹುದು. ಆದರೆ ಕೇಳುವ ಸ್ವಾತಂತ್ರ್ಯವನ್ನು ಯಾವ ಕಂಪನಿಯೂ ಅವನಿಂದ ಕಸಿದುಕೊಂಡಿಲ್ಲ. 'ನಿಮ್ಮ ಮಾತಿನಲ್ಲಿ ನ್ಯಾಯವಿದೆ, ನಾನು ಇದನ್ನು ಮೇಲಿನವರಿಗೆ ಬರೆಯುತ್ತೇನೆ' ಎಂದು ಹೇಳಿ ಹಾಗೆಯೇ ನಡೆದುಕೊಂಡರೆ ಅವನ ಹೊಟ್ಟೆಪಾಡಿಗೆ ಚ್ಯುತಿ ಬಾರದು, ಎದುರಿನವನ ಮಾನಕ್ಕೂ ಚ್ಯುತಿ ಬಾರದು. 'ನಾನು ನಿಯಮವನ್ನಷ್ಟೇ ಪಾಲಿಸಿದೆ' ಎಂಬ ಉತ್ತರವು ಕೌಶಿಕನನ್ನು ರಕ್ಷಿಸಲಿಲ್ಲವೆಂಬುದು ಅವನ ನೆನಪಿನಲ್ಲಿರಲಿ.

ಹೊರಗೆ ನಿಂತ ಗ್ರಾಹಕನೂ ಕರ್ತವ್ಯದಿಂದ ಮುಕ್ತನಲ್ಲ. ಗವಾಕ್ಷಿಯಲ್ಲಿರುವ ಯುವಕನು ನಿಯಮವನ್ನು ಬರೆದವನಲ್ಲ. ಮೇಲಿನವರ ಮೇಲಿನ ಕೋಪವನ್ನು ಅವನ ಮೇಲೆ ಸುರಿಯುವುದು ಶೌರ್ಯವೆನಿಸದು. ಅಷ್ಟು ಪ್ರಸಿದ್ಧಿ ಪಡೆದ ಮೇಲೂ ಕ್ಯಾರಲ್, ತನಗೆ ಕೊನೆಯದಾಗಿ ಇಲ್ಲವೆಂದ ಉದ್ಯೋಗಿಯು ಸಂಸ್ಥೆಯ ನಿಯಮವನ್ನು ನಿಷ್ಠೆಯಿಂದ ಎತ್ತಿಹಿಡಿದ ಉತ್ತಮ ನೌಕರಳೆಂದು ಬಹಿರಂಗವಾಗಿ ಹೇಳಿದನು. ಅನ್ಯಾಯದ ವಿರುದ್ಧ ಹೋರಾಡಬೇಕು, ಆದರೆ ಎದುರಿಗಿರುವ ಮನುಷ್ಯನನ್ನು ಗುರುತಿಸುತ್ತಲೇ ಹೋರಾಡಬೇಕು. ತನ್ನನ್ನು ಮನುಷ್ಯನೆಂದು ಕಾಣಿರೆಂದು ಕೇಳುವವನು ಮೊದಲು ಆ ಮರ್ಯಾದೆಯನ್ನು ತಾನೇ ತೋರಿಸಬೇಕಲ್ಲವೆ?

ವ್ಯಾಪಾರವು ಬೆಳೆದಂತೆ, ಯಂತ್ರಗಳು ಮಾತನಾಡಲು ಕಲಿತಂತೆ, ನಿಯಮಗಳ ಸಂಖ್ಯೆಯು ಹೆಚ್ಚುವುದೇ ಹೊರತು ತಗ್ಗಲಾರದು. ಅವುಗಳಲ್ಲಿ ಒಂದೊಂದರ ಹಿಂದೆಯೂ ಕೇಳಬಲ್ಲ, ಕೇಳಿ ನಿರ್ಧರಿಸಬಲ್ಲ ಒಬ್ಬ ಮನುಷ್ಯನಿರಲಿ. ಆಗ ನಿಯಮದ ಪಾಲನೆಯೂ ಜನರ ಪಾಲನೆಯೂ ಬೇರೆಬೇರೆಯಾಗಿ ಉಳಿಯಲಾರವು.