ನೆರೆಹೊರೆಗೆ ಬೆಂಬಲ ಬೆಲೆ ಉಂಟೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯವರಿಗೆ ಬೆಂಬಲ ಬೆಲೆಯೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 2025ರ ಹಂಗಾಮಿಗೆ ಕೇಂದ್ರ ಸರಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಗೊತ್ತುಪಡಿಸಿತು. ಪೇಟೆಯ ಧಾರಣೆ ಕುಸಿದಾಗ ಬೆಳೆಗಾರನು ನೆಲ ಕಚ್ಚಬಾರದೆಂಬುದು ಇದರ ಉದ್ದೇಶ. ಆದರೆ ಆ ಹಣದಿಂದ ಕೊಬ್ಬರಿ ಆಗುವುದಿಲ್ಲ. ಕಾಯಿಯು ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತು, ಒಳಗಿನ ನೀರು ಇಂಗಿದ ಮೇಲೆಯೇ ಅದು ಉಂಡೆ ಕೊಬ್ಬರಿ.

ದ್ವೇಷದ ಹಿಂಸೆಯನ್ನು ತಡೆಯಲು ಸರಕಾರ ಖರ್ಚು ಮಾಡುವ ಹಣದ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ. ಸೌಹಾರ್ದವನ್ನು ಅನುದಾನ ಕೊಟ್ಟು ಬೆಳೆಸಬಹುದೇ?

ಪ್ರಜೆಯ ಜೀವರಕ್ಷಣೆ ಸರಕಾರದ ಮೊದಲ ಹೊಣೆ ಎಂಬುದರಲ್ಲಿ ಸಂಶಯವಿಲ್ಲ. ಒಬ್ಬ ನಿರಪರಾಧಿಯ ಕೊಲೆಯನ್ನು ಇಡೀ ಮನುಕುಲದ ಕೊಲೆಗೆ ಸಮವೆಂದು ಕುರ್‌ಆನ್ ಕಾಣುತ್ತದೆ. ಹಾಗಿರುವಾಗ ಅದಕ್ಕಾಗಿ ಬೊಕ್ಕಸದ ಹಣ ಖರ್ಚಾಗುವುದು ದಾನವಲ್ಲ, ಕರ್ತವ್ಯ. ಗುಂಪು ಹತ್ಯೆಗಳ ಬಗ್ಗೆ ಸುಪ್ರೀಂ ಕೋರ್ಟು 2018ರ ಜುಲೈಯಲ್ಲಿ ನೀಡಿದ ತೀರ್ಪೂ ಇದನ್ನೇ ಒತ್ತಿ ಹೇಳಿತು. ಪ್ರತಿ ಜಿಲ್ಲೆಯಲ್ಲೂ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಗೆ ಈ ಹೊಣೆ ವಹಿಸಬೇಕು, ಸಂತ್ರಸ್ತರ ಪರಿಹಾರಕ್ಕೆ ರಾಜ್ಯಗಳು ಯೋಜನೆ ಮಾಡಬೇಕು ಎಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2025ರಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ವಿಶೇಷ ಕಾರ್ಯಪಡೆ ರಚನೆಯಾಯಿತು. ಬ್ರಿಟನ್ನಿನಲ್ಲಿ ಆರಾಧನಾಲಯಗಳ ರಕ್ಷಣೆಗೆ 2016ರಿಂದ ಸರಕಾರದ ಅನುದಾನವಿದೆ. ಇವೆಲ್ಲ ಬೇಕಾದವುಗಳೇ.

ಆದರೆ ಸರಕಾರದ ಹಣಕ್ಕೆ ಎರಡು ಪರೀಕ್ಷೆಗಳಿವೆ.

ಮೊದಲನೆಯದು ನ್ಯಾಯ. 2022ರ ಜುಲೈಯಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳೊಳಗೆ ಮೂವರು ಯುವಕರು ಹಲ್ಲೆಗೊಳಗಾಗಿ ಪ್ರಾಣ ಕಳಕೊಂಡರು. ಇಬ್ಬರು ಮುಸ್ಲಿಮರು, ಒಬ್ಬರು ಹಿಂದೂ. ಆಗಿನ ಸರಕಾರ ಹಿಂದೂ ಯುವಕನ ಕುಟುಂಬಕ್ಕೆ 25 ಲಕ್ಷ ರೂಪಾಯಿ ನೀಡಿತು. ಅದು ಸರಿಯಾದ ಕೆಲಸವೇ. ಆದರೆ ಉಳಿದಿಬ್ಬರ ತಾಯಂದಿರು ಅದೇ ಮೊತ್ತಕ್ಕಾಗಿ 2023ರ ಜೂನ್‌ವರೆಗೆ, ಸರಕಾರ ಬದಲಾಗುವವರೆಗೆ, ಕಾಯಬೇಕಾಯಿತು. ಕಣ್ಣೀರಿಗೆ ಜಾತಿ ಹಚ್ಚಿ ಹಂಚಿದ ಹಣವು ಗಾಯವನ್ನು ಮಾಯಿಸುವ ಬದಲು ಇನ್ನೊಂದು ಗಾಯ ಮಾಡುತ್ತದೆ. ನಮ್ಮ ಕಡೆಯವರಿಗೆ ಮಾತ್ರ ಸಿಗಲಿ ಎಂದು ನಾವು ಬಯಸಿದರೂ ತಪ್ಪು ಅಷ್ಟೇ ದೊಡ್ಡದು. ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ದೇವಾಜ್ಞೆ ಇಳಿದದ್ದು ವಿಶ್ವಾಸಿಗಳಿಗೇ.

ಎರಡನೆಯದು ನಿಯ್ಯತ್. ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ ರಾಷ್ಟ್ರೀಯ ಕೋಮು ಸೌಹಾರ್ದ ಪ್ರತಿಷ್ಠಾನ ಹುಟ್ಟಿದ್ದು 1992ರಲ್ಲಿ. ಗಲಭೆಯಲ್ಲಿ ಅನಾಥರಾದ ಮಕ್ಕಳ ಓದಿಗೆ ನೆರವಾಗುವುದು ಅದರ ಒಂದು ಉತ್ತಮ ಕೆಲಸ. ಅದೇ ವರ್ಷದ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಕೆಡವಲ್ಪಟ್ಟು ಹಲವು ನಗರಗಳಲ್ಲಿ ರಕ್ತ ಹರಿಯಿತು. ಪ್ರತಿಷ್ಠಾನವಿದ್ದ ಮಾತ್ರಕ್ಕೆ ಮನಸ್ಸುಗಳು ಬದಲಾಗಲಿಲ್ಲ. ಅನುದಾನಕ್ಕಾಗಿ ವೇದಿಕೆಯ ಮೇಲೆ ಕೈ ಕೈ ಹಿಡಿದು ನಿಂತು, ಮನೆಗೆ ಬಂದು ಮಕ್ಕಳ ಮುಂದೆ ಪಕ್ಕದ ಬೀದಿಯವರನ್ನು ಹೀಗಳೆಯುವವನ ಸೌಹಾರ್ದ ಎಷ್ಟು ದಿನ ಬಾಳೀತು? ಹಣ ಮುಗಿದ ದಿನ ಅದೂ ಮುಗಿಯುತ್ತದೆ.

ಹಾಗಾದರೆ ಹಣವನ್ನು ತಿರಸ್ಕರಿಸಬೇಕೇ? ಬೇಡ. ಅನಾಥ ಮಗುವಿನ ಶಾಲೆಗೆ, ಗಾಯಾಳುವಿನ ಔಷಧಿಗೆ, ವಕೀಲರ ನೆರವಿಗೆ, ಬೀದಿಯ ಕಾವಲಿಗೆ ಹಣ ಬೇಕೇ ಬೇಕು. ಅದನ್ನು ಕೇಳುವುದು ನಮ್ಮ ಹಕ್ಕು. ಪಡೆದವರು ಅದನ್ನು ಅಮಾನತ್ ಎಂದು ತಿಳಿದು ಪೈಸೆ ಪೈಸೆಗೂ ಲೆಕ್ಕ ಕೊಡಬೇಕು. ಆದರೆ ನೆರೆಯವನ ಹಕ್ಕನ್ನು ಸಲ್ಲಿಸಲು ಯಾವ ಇಲಾಖೆಯ ಮಂಜೂರಾತಿಯೂ ಬೇಕಾಗಿಲ್ಲ. ತನ್ನ ಕಾಟದಿಂದ ನೆರೆಯವನು ನಿರ್ಭಯನಾಗಿಲ್ಲದಿದ್ದರೆ ಅಂತಹವನ ವಿಶ್ವಾಸವೇ ಅಪೂರ್ಣವೆಂಬುದು ಪ್ರವಾದಿವರ್ಯರ(ಸ) ಬೋಧನೆಯ ಸಾರ. ಆ ನೆರೆಯವನು ಯಾವ ಧರ್ಮದವನೆಂದು ಅಲ್ಲಿ ಕೇಳಿಲ್ಲ.

ನಮ್ಮ ಸೀಮೆಯಲ್ಲಿ ತೋಟದ ಒಡೆಯ, ಕಾಯಿ ಕೀಳುವವ, ಸುಲಿಯುವವ, ಗಾಡಿ ಹೊಡೆಯುವವ, ಮಂಡಿಯ ವ್ಯಾಪಾರಿ ಇವರೆಲ್ಲರೂ ಒಂದೇ ಧರ್ಮದವರಲ್ಲ. ಒಬ್ಬನ ಮಾತನ್ನು ಇನ್ನೊಬ್ಬ ನಂಬಿದ್ದರಿಂದಲೇ ಕೊಬ್ಬರಿ ಪೇಟೆಗೆ ತಲುಪುತ್ತದೆ. ಈ ನಂಬಿಕೆಯನ್ನು ಒಡೆಯಲು ಇಂದು ದೊಡ್ಡ ಸೈನ್ಯ ಬೇಕಿಲ್ಲ, ಮೊಬೈಲಿನಲ್ಲಿ ಬಂದ ಒಂದು ಸುಳ್ಳು ಸುದ್ದಿ ಸಾಕು. ಸುದ್ದಿ ಬಂದಾಗ ಪರಿಶೀಲಿಸಿರಿ ಎಂಬ ಕುರ್‌ಆನಿನ ಆದೇಶವನ್ನು ನಾವು ಮೊದಲು ನಮ್ಮ ಮನೆಯಲ್ಲೇ ಜಾರಿಗೆ ತರಬೇಕು. ಅಂತಹ ಸುದ್ದಿಯನ್ನು ಮುಂದಕ್ಕೆ ಕಳಿಸದೆ ಅಲ್ಲಿಯೇ ತಡೆಯುವವನು, ಪಕ್ಕದ ಮನೆಯವರನ್ನು ನೇರವಾಗಿ ಹೋಗಿ ವಿಚಾರಿಸುವವಳು, ತನ್ನ ಮಗನ ಬಾಯಿಂದ ಬಂದ ಕೆಟ್ಟ ಮಾತನ್ನು ಅಲ್ಲಿಯೇ ತಿದ್ದುವ ತಂದೆ — ಇವರು ಮಾಡುವ ಕೆಲಸ ಯಾವ ಬಜೆಟ್ಟಿನಲ್ಲೂ ನಮೂದಾಗುವುದಿಲ್ಲ.

ಅದರ ಲೆಕ್ಕ ಇಡುವವನು ಬೇರೆ ಇದ್ದಾನೆ. ಅವನ ಮುಂದೆ ನಿಂತಾಗ ಸರಕಾರ ಏನು ಕೊಟ್ಟಿತೆಂದು ನಮ್ಮನ್ನು ಕೇಳಲಾಗದು. ನೆರೆಯವನಿಗೆ ನೀನು ಏನಾಗಿದ್ದೆ ಎಂದೇ ಕೇಳಲಾಗುವುದು.